ಅಮ್ಮನಿಗೆ ಗೊತ್ತಿದ್ದ ಬಿಪಿ

ಒಂದೆಡೆ ಕೂತು ನನಗೆ ಅಭ್ಯಾಸವೇ ಇರಲಿಲ್ಲ. ಕನ್ನಡ ಪಾಠ ಮಾಡುವಾಗಲೂ ಬೆಂಚುಗಳ ನಡುವೆ ಸುತ್ತುತ್ತಿದ್ದೆ. ಕುರ್ಚಿಯ ಮೇಲೆ ಹಾಜರಿ ಪುಸ್ತಕ ಕೂರುತ್ತಿತ್ತು. ಬಂದ್ಯೋಡಿನ ಹತ್ತಿರ ನಾಯಿ ಅಡ್ಡ ಬಂದು, ಬೈಕ್ ಜಾರಿ, ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದ ಮೇಲೆ ಕೂರುವುದೇ ನನ್ನ ಕೆಲಸವಾಯಿತು. ಅದೂ ಆಗುತ್ತಿರಲಿಲ್ಲ.

ಗಾಲಿಕುರ್ಚಿಯಲ್ಲಿ ಕೂರಿಸಿದ ಸ್ವಲ್ಪ ಹೊತ್ತಿಗೇ ಕಿವಿ ಗುಂಯ್‌ಗುಟ್ಟಿ ಕಣ್ಣು ಕತ್ತಲೆ ಬರುತ್ತಿತ್ತು. ರಕ್ತ ಕಾಲಿಗಿಳಿದು ಅಲ್ಲೇ ಉಳಿಯುತ್ತದೆ, ಮೇಲೆ ಕಳಿಸು ಎಂಬ ಆಜ್ಞೆ ಪೆಟ್ಟಾದ ಜಾಗ ದಾಟುವುದಿಲ್ಲ, ಅದಕ್ಕೇ ಬಿಪಿ ಇಳಿಯುತ್ತದೆ ಎಂದು ಡಾಕ್ಟರು ವಿವರಿಸಿದ್ದರು. ಹೊಟ್ಟೆಗೆ ಬೆಲ್ಟು, ತೊಡೆಯವರೆಗೆ ಬಿಗಿ ಕಾಲುಚೀಲ, ಮೆಲ್ಲ ಮೆಲ್ಲ ಎಬ್ಬಿಸುವುದು, ನೀರು ಜಾಸ್ತಿ, ಉಪ್ಪು ಜಾಸ್ತಿ. ಅವರು ಹೇಳಿದ್ದೆಲ್ಲವೂ ನಡೆಯುತ್ತಿದೆ ಎಂದೇ ನಾನು ತಿಳಿದಿದ್ದೆ.

ಒಂದು ಪಿರೀಡ್ ಕೂರಲು ಸಾಧ್ಯವಾದರೆ ಶಾಲೆಗೆ ಬನ್ನಿ ಎಂದು ಹೆಡ್‌ಮಾಷ್ಟ್ರು ಹೇಳಿಕಳಿಸಿದ್ದರು. ನನಗೆ ಬೇಕಾದದ್ದೂ ಅಷ್ಟೇ. ಆದರೆ ಅರ್ಧ ಪಿರೀಡ್ ಆಗುವ ಮೊದಲೇ ತಲೆ ವಾಲುತ್ತಿತ್ತು. ಸಿಟ್ಟಿನಿಂದ ಕೂಗಾಡುತ್ತಿದ್ದೆ. ಸಿಟ್ಟು ಬಂದವನಿಗೆ ಬಿಪಿ ಏರಿತು ಎನ್ನುತ್ತಾರಲ್ಲ, ನನ್ನದು ಎಷ್ಟು ಕೂಗಿದರೂ ಏರಲಿಲ್ಲ.

ಅಮ್ಮ ಉಣ್ಣಿಸುವ ಗಂಜಿಯೂ ಸಪ್ಪೆ. ಪೆಟ್ಟಿನಿಂದ ನಾಲಿಗೆಯೂ ಕೆಟ್ಟಿತೋ ಎಂದು ಹೆದರಿದ್ದೆ. ಒಂದು ದಿನ ಅಮ್ಮ ಹಿತ್ತಲಲ್ಲಿದ್ದಾಗ, ನೋಡಲು ಬಂದ ಸಹೋದ್ಯೋಗಿಯೊಬ್ಬ ಸಲಿಗೆಯಿಂದ ತಾನೇ ಗಂಜಿ ಬಡಿಸಿಕೊಂಡ.

"ಎಂತ ಮಾರಾಯ, ಇದಕ್ಕೆ ಉಪ್ಪೇ ಹಾಕಲಿಲ್ವಾ?"

ಅಮ್ಮನನ್ನು ಕರೆದು ಕೇಳಿದೆ. ಮೊದಲು ಮಾತು ಹಾರಿಸಿದಳು. ಬಿಡದಿದ್ದಾಗ ಹೇಳಿದಳು: "ಬಿಪಿ ಅಂದ್ರೆ ಬಿಪಿಯೇ ಅಲ್ವಾ? ನಿನ್ನ ಅಪ್ಪ ಉಪ್ಪು ಬಿಡದೆ ಹೋದದ್ದು. ನಿನಗೂ ನನ್ನ ಕೈಯಿಂದಲೇ ಹಾಕಬೇಕಾ?"

ನಮ್ಮಲ್ಲಿ ಬಿಪಿ ಉಂಟು ಎಂದರೆ ಏರಿದ್ದು ಎಂದೇ ಅರ್ಥ. ಅಪ್ಪ ಹಾಗೆ ಬಿಪಿ ಏರಿ, ಬಾಯಿ ಸೊಟ್ಟಗಾಗಿ, ಮಾತು ನಿಂತು ತೀರಿಕೊಂಡಿದ್ದರು. ಇಳಿಯುವ ಬಿಪಿ ಅವಳ ಲೆಕ್ಕದಲ್ಲಿ ಒಳ್ಳೆಯ ಸುದ್ದಿ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಡಾಕ್ಟರಿಗೆ ಫೋನ್ ಮಾಡಿಸಿ, ನನಗೆ ಉಪ್ಪು ಬೇಕೇ ಬೇಕೆಂದು ಅವರಿಂದಲೇ ಹೇಳಿಸಿದೆ. ಅಮ್ಮ ನಂಬಲಿಲ್ಲ, ಆದರೆ ಒಪ್ಪಿದಳು.

ಮರುದಿನದಿಂದ ಉಪ್ಪು ಹಾಕಿದ ಗಂಜಿ ಉಣ್ಣಿಸಿ, ಬೆಲ್ಟು ಬಿಗಿದು, ಪಕ್ಕದ ಮನೆಯವರ ಜೊತೆ ಸೇರಿ ನನ್ನನ್ನು ಕುರ್ಚಿಗೆ ಕೂರಿಸಿ, ಎದುರಿಗೇ ಕೂರುತ್ತಿದ್ದಳು. ನಾನು ಕಣ್ಣು ಕತ್ತಲೆ ಬರುವುದನ್ನು ಕಾಯುತ್ತಿದ್ದೆ. ಅವಳು ನನ್ನ ಬಾಯಿ ಸೊಟ್ಟಗಾಗುವುದನ್ನು. ಇಬ್ಬರಿಗೂ ಗಡಿಯಾರದ ಮೇಲೇ ಕಣ್ಣು. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಪೂರ್ತಿ ಒಂದು ಪಿರೀಡಿನ ಹೊತ್ತು ಕಳೆಯಿತು. ತಲೆ ವಾಲಲಿಲ್ಲ. ನಾನು ನಕ್ಕೆ.

ಅಮ್ಮ ಗಾಬರಿಯಿಂದ ಎದ್ದು ಬಂದು ಎರಡೂ ಕೈಗಳಲ್ಲಿ ನನ್ನ ಮುಖ ಹಿಡಿದು ಬಾಯಿಯನ್ನೇ ನೋಡಿದಳು. ನನ್ನ ನಗು ಹೇಗಿತ್ತೆಂದು ಅವಳಿಗೆ ಮರೆತೇ ಹೋಗಿತ್ತು.