ಶಾಂತವ್ವನ ಕೌದಿಯ ಮೂಲೆ

ಮಳೆಗಾಲ ಮುಗಿದ ಮೊದಲ ಬಿಸಿಲಿಗೇ ಲಾಫ್ಟ್ ಖಾಲಿ ಮಾಡಿಬಿಡಿ. ಮುಂಬಯಿಯಲ್ಲಿ ಬಟ್ಟೆ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲ. ಕೇಳದವರಿಗೂ ಸಲಹೆ ಕೊಡುವುದು ನನ್ನ ಅಭ್ಯಾಸ, ಸಹಿಸಿಕೊಳ್ಳಿ. ನಿನ್ನೆ ವಿಕ್ರೋಳಿಯ ನಮ್ಮ ಮನೆಯ ಲಾಫ್ಟ್‌ನಿಂದ ನುಸಿಗುಳಿಗೆಯ ವಾಸನೆ ಹೊತ್ತ ಒಂದು ಕೌದಿ ಕೆಳಗಿಳಿಯಿತು. ಬಿಚ್ಚುವಾಗ ನನ್ನ ಬೆರಳು ತಾನಾಗಿ ಅದರ ಮೂಲೆಗೆ ಹೋಯಿತು. ಮೂಲೆ ಚಪ್ಪಟೆಯಾಗಿತ್ತು. ಕೌದಿಯನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆಯೇ ಕೂತೆ.

ಅದನ್ನು ಹೊಲಿದವಳು ಶಾಂತವ್ವ. ವಿಜಯಪುರದ ಕಡೆಯವಳು, ಗಂಡನಿಗೆ ಕಟ್ಟಡದ ಕೆಲಸ. ವಡಾಲದ ಚಾಲ್‌ನ ಪಡಸಾಲೆಯಲ್ಲಿ ಮಧ್ಯಾಹ್ನ ಕಾಲು ಚಾಚಿ ಕೂತು, ಹಳೆಯ ಸೀರೆಗಳನ್ನು ಐದು ಪದರ ಹಾಸಿ ಸೂಜಿ ಓಡಿಸುತ್ತಿದ್ದಳು. ನಾನೋ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬ್ಲೌಸ್ ಪೀಸ್ ಮಾರುತ್ತ ಮಾರುತ್ತ ಪರೇಲ್‌ನಲ್ಲಿ ಅಂಗಡಿ ಹಿಡಿದವಳು. ಎದುರಿನವರ ಬಾಯಿ ಮುಚ್ಚಿಸುವುದೇ ಹೆಣ್ಣಿನ ಶಕ್ತಿ ಎಂದು ನಂಬಿದ್ದವಳು.

"ಬಣ್ಣ ಹೊಂದಿಸಮ್ಮ, ಹೊಲಿಗೆ ನೆಟ್ಟಗಿರಲಿ," ಎಂದೆ, ಮೊದಲ ಸಲ ಅವಳಿಗೆ ಹಳೆಯ ಸೀರೆಗಳ ಗಂಟು ಕೊಡುತ್ತ.

"ಬಣ್ಣ ನಾ ಹೊಂದಸೂದಿಲ್ರಿ. ಯಾರ ಬಾಜೂಕ ಕುಂದ್ರಬೇಕು ಅಂತ ಸೀರೀನ ಹೇಳ್ತೈತಿ. ನೆಟ್ಟಗ ಬೇಕಂದ್ರ ರೈಲ್ವೆ ಹಳಿ ಹೊಚ್ಕೊಂಡು ಮಕ್ಕೋರಿ, ಅಕ್ಕಾರ!"

ಪಡಸಾಲೆಯೆಲ್ಲ ನಕ್ಕಿತು. ನಾನೂ ನಕ್ಕೆ, ಒಳಗೆ ಚುಚ್ಚಿತ್ತು.

ಕೊನೆಯ ಮೂಲೆ ಮುಚ್ಚುವ ಮುಂಚೆ ಆಕೆ ಒಂದು ಚೂರು ಕಡಕ್ ರೊಟ್ಟಿಯನ್ನು ಒಳಗಿಡುತ್ತಿದ್ದಳು. "ಹೊಚ್ಕೊಂಡವರು ಹಸದು ಮಲಗಬಾರದ್ರಿ. ಕೌದಿ ಹೊಟ್ಟಿ ಮೊದಲ ತುಂಬಬೇಕು." ಅವಳವ್ವನೂ ಹಾಗೆಯೇ ಮಾಡುತ್ತಿದ್ದಳಂತೆ.

ಅವಳನ್ನು ದೊಡ್ಡ ಕಲಾವಿದೆ ಮಾಡುತ್ತೇನೆಂದು ಹೊರಟವಳು ನಾನೇ. ಪರೇಲ್‌ನ ಒಂದು ಹಾಲ್‌ನಲ್ಲಿ ಮಹಿಳೆಯರ ಕಲಾ ಪ್ರದರ್ಶನ. ಏಳು ಕೌದಿ ಒಯ್ದೆ. ಹಿಂದಿನ ದಿನ ಮೂಲೆಗಳಲ್ಲಿ ಗಂಟು ಕಂಡು ವ್ಯಾಪಾರಿಯ ತಲೆ ಓಡಿತು: ಇರುವೆ ಬಂದರೆ? ಗಿರಾಕಿ ಮೂಗು ಮುರಿದರೆ? ಏಳೂ ಮೂಲೆ ಬಿಚ್ಚಿದೆ, ರೊಟ್ಟಿಯ ಚೂರುಗಳನ್ನು ಕಸದ ಬುಟ್ಟಿಗೆ ಹಾಕಿದೆ, ಮಶೀನಿನಲ್ಲಿ ನೆಟ್ಟಗೆ ಹೊಲಿದೆ. ಅವಳನ್ನೊಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ.

ಮರುದಿನ ಮೈಕ್ ಹಿಡಿದು ಸ್ತ್ರೀಶಕ್ತಿಯ ಬಗ್ಗೆ ಹಿಂದಿಯಲ್ಲಿ ಭಾಷಣ ಬಿಗಿದೆ. ನಾನು ಮಾತಾಡುತ್ತಿದ್ದಂತೆ ಶಾಂತವ್ವ ಒಂದೊಂದೇ ಕೌದಿಯ ಮೂಲೆ ಮುಟ್ಟುತ್ತ ಹೋದಳು. ಏಳನೆಯದನ್ನು ಮುಟ್ಟಿ ನನ್ನ ಕಡೆ ತಿರುಗಿದಳು.

"ಎಲ್ಲಾನೂ ಹಸದ ಕಳಸಾಕತ್ತೀರೇನ್ರಿ, ಅಕ್ಕಾರ?"

ಏನೆಂದಳೆಂದು ಸಭೆ ಕೇಳಿತು. "ನಿಮಗೆಲ್ಲ ಧನ್ಯವಾದ ಹೇಳುತ್ತಿದ್ದಾಳೆ," ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ. ಚಪ್ಪಾಳೆ ಬಿತ್ತು. ಹತ್ತು ವರ್ಷ ಮುಂಬಯಿಯಲ್ಲಿ ಬಾಳಿದವಳಿಗೆ ಅಷ್ಟು ಹಿಂದಿ ತಿಳಿಯದೇ? ತಿಳಿಯಿತು. ನನ್ನನ್ನೇ ನೋಡಿದಳು. ಆ ಚಪ್ಪಾಳೆಗೂ ಕೈ ಮುಗಿದಳು. ನನ್ನ ಮಾನ ಉಳಿಸಲು. ಐದು ಪದರದಲ್ಲಿ ಸೂಜಿ ಇಳಿಸುವಾಗಲೂ ಆಕೆ ದಾರವನ್ನು ಜಗ್ಗಿದವಳಲ್ಲ. ಶಕ್ತಿಯ ಬಗ್ಗೆ ಅರ್ಧ ಗಂಟೆ ಮಾತಾಡಿದ ನಾನು ಅದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೂ ಕಾಣಲಿಲ್ಲ.

ಆರು ಮಾರಿಹೋದವು, ಒಂದು ಉಳಿಯಿತು. "ನಿಮ್ಮ ಕಡೇನ ಇರಲ್ರಿ," ಎಂದಳು. ಮತ್ತೆಂದೂ ನನಗಾಗಿ ಹೊಲಿಯಲಿಲ್ಲ. ನಾನೂ ವಡಾಲದ ಕಡೆ ಹೋಗದಿರಲು ಕೆಲಸಗಳನ್ನು ಹುಡುಕಿಕೊಂಡೆ.

ನಿನ್ನೆ ಆ ಮೂಲೆಯ ಮಶೀನ್ ಹೊಲಿಗೆ ಬಿಚ್ಚಿದೆ. ರೊಟ್ಟಿ ಇಟ್ಟು ನಾನೇ ಮುಚ್ಚಿದರಾಯಿತು ಎಂದು ಸೂಜಿ ಹಿಡಿದವಳು ಹಾಗೆಯೇ ಕೆಳಗಿಟ್ಟೆ. ಮತ್ತೊಮ್ಮೆ ಅವಳನ್ನು ಕೇಳದೆ?

ಈಗ ಕುರ್ಲಾದಲ್ಲಿ ಇಳಿದು ವಡಾಲಕ್ಕೆ ಹೋಗುವ ಹಾರ್ಬರ್ ಲೈನಿನ ಗಾಡಿ ಹತ್ತಿದ್ದೇನೆ. ತೊಡೆಯ ಮೇಲೆ ಮೂಲೆ ತೆರೆದ ಕೌದಿ. ಶಾಂತವ್ವ ಬಾಗಿಲು ತೆರೆದಾಳೋ ಇಲ್ಲವೋ, ಗೊತ್ತಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಬಟ್ಟೆ ಸವರಿ ಹಿಂದಿಯಲ್ಲಿ ಕೇಳಿದಳು: "ಎಷ್ಟು ಚೆನ್ನಾಗಿದೆ! ನೀವೇ ಮಾಡಿದ್ದಾ?"

"ಇಲ್ಲ," ಎಂದೆ. "ಮಾಡಿದವಳು ವಡಾಲದಲ್ಲಿದ್ದಾಳೆ. ನಾನು ಕೆಡಿಸಿದವಳು."