ಹೊಸ ಸುತ್ತಿಗೆಗೆ ಹೆದರುವ ಚಿಕ್ಕಮಾದಮ್ಮ

ಮಳವಳ್ಳಿ ಪೇಟೆಯಲ್ಲಿ ಇನ್ನೂ ಟೀ ಅಂಗಡಿ ಬಿಟ್ಟರೆ ಬೇರೇನೂ ತೆರೆದಿಲ್ಲ. ವೆಲ್ಡಿಂಗ್ ಶೆಡ್ಡಿನ ಬಾಗಿಲಲ್ಲಿ ಚಿಕ್ಕಮಾದಮ್ಮ ಹೊಸ ಸುತ್ತಿಗೆಗಳ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಾರೆ. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಬಳಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ಆಮೇಲೆ ಅದನ್ನೇ ನೋಡುತ್ತ ಕಾಯುತ್ತಾರೆ.

“ಬಿರುಕಿದ್ರೆ ಒಳಗೆ ಸೇರ್ಕಂಡಿರೋ ಎಣ್ಣೆ ಆಚೆಗೆ ಬತ್ತದೆ. ಬಿಳೀ ಪುಡಿ ಮ್ಯಾಲೆ ಕೂದಲೆಳೆಯಂಗೆ ಗೆರೆ ಮೂಡ್ತದೆ. ಆ ಗೆರೆ ಕಂಡ್ರೆ ನಾಗರಾವು ಕಂಡಂಗಾಯ್ತದೆ ಕಣಮ್ಮ.”

ಉಳಿಗಳ ಅಂಚಿನ ಸಿಬಿರು ಉಜ್ಜುವುದು, ಅರಗಳ ಹಲ್ಲಿನಲ್ಲಿ ಕೂತ ಜಿಡ್ಡು ತೆಗೆಯುವುದು, ಹಿಡಿ ಅಲ್ಲಾಡುತ್ತದೆಯೇ ನೋಡುವುದು, ಎಲ್ಲ ಅವರದೇ. ಅಂಗಡಿಯಿಂದ ಬಂದ ಹೊಸ ಮಾಲನ್ನು ಇಷ್ಟು ಅನುಮಾನಿಸಬೇಕೇ ಎಂದು ನಗುವವರಿದ್ದಾರೆ. ಚಿಕ್ಕಮಾದಮ್ಮ ನಗುವುದಿಲ್ಲ. ಅವರ ಗಂಡ ದೇವರಾಜು ಇದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಹೊಸ ಸುತ್ತಿಗೆಯಿಂದ ಸಿಡಿದ ಚೂರು ಅವರ ಎಡಗಣ್ಣನ್ನು ತೆಗೆದುಕೊಂಡಿತು. “ಅದುಕ್ಕೆ ಅಂಟ್ಸಿದ್ ಚೀಟಿ ಕೂಡ ಕಿತ್ತಿರ್ಲಿಲ್ಲ,” ಎನ್ನುತ್ತಾರೆ. ಆಮೇಲೆ ದೇವರಾಜು ಕುರಿ ಸಾಕಣೆಗೆ ಇಳಿದರು, ಚಿಕ್ಕಮಾದಮ್ಮ ಶೆಡ್ಡು ಗುಡಿಸಲು ಬಂದರು. ಸೀಮೆಸುಣ್ಣದ ಉಪಾಯ ಹೇಳಿಕೊಟ್ಟವರು ಮದ್ದೂರಿನ ಲೇತ್ ಕೆಲಸದ ಹಿರಿಯರೊಬ್ಬರು.

ಕಳೆದ ತಿಂಗಳು ಒಂದು ಬೆಳಿಗ್ಗೆ ಚಿಕ್ಕಮಾದಮ್ಮ ಬರುವಷ್ಟರಲ್ಲಿ ಪೆಟ್ಟಿಗೆ ತೆರೆದಿತ್ತು, ಒಂದು ಸುತ್ತಿಗೆ ಇರಲಿಲ್ಲ. ಫಿಟ್ಟರ್ ಚಲುವರಾಜು ಪೂರಿಗಾಲಿಯ ಆಲೆಮನೆಯಲ್ಲಿ ಗಾಣ ರಿಪೇರಿಗೆ ಅದನ್ನೇ ಎತ್ತಿಕೊಂಡು ಹೋಗಿದ್ದರು. ಉಳಿದವನ್ನು ತೊಳೆದು ಪುಡಿ ಹಾಕಿದರೆ ಎರಡನೆಯದರಲ್ಲೇ ಗೆರೆ ಮೂಡಿತು. ಚಲುವರಾಜುಗೆ ಫೋನ್ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು.

“ಅಣ್ಣಾ, ಬೈಕು ತೆಗಿ,” ಎಂದರು ಮಾಲೀಕ ಪುಟ್ಟಸ್ವಾಮಿಗೆ.

“ಒಂದ್ರಲ್ಲಿದ್ರೆ ಎಲ್ಲಾದ್ರಲ್ಲೂ ಇರ್ತದಾ ಚಿಕ್ಕಮಾದಮ್ಮ?”

“ಇಲ್ದೋದ್ರೆ ವಾಪಸ್ ಬರಾನ. ಮೊದ್ಲು ತೆಗಿ.”

ಇಬ್ಬರೂ ಪೂರಿಗಾಲಿಯತ್ತ ಹೊರಟರು. ಕಬ್ಬಿನ ಗದ್ದೆಗಳಾಚೆಯಿಂದ ಢಣ್ ಢಣ್ ಎಂದು ಪೆಟ್ಟು ಕೇಳಿಸುತ್ತಿತ್ತು. ಆಲೆಮನೆ ಹತ್ತಿರವಾದಂತೆ ಸದ್ದು ಥಟ್ಟನೆ ನಿಂತಿತು. ಬೈಕು ನಿಂತೊಡನೆ ಚಿಕ್ಕಮಾದಮ್ಮ ಚಲುವರಾಜು ಹೆಸರು ಹಿಡಿದು ಕೂಗಿದರು.

ಗಾಣದ ಹಿಂದಿನಿಂದ ಚಲುವರಾಜು ಒಂದು ಕೈಯಲ್ಲಿ ಸುತ್ತಿಗೆ ಹಿಡಿದು, ಬೆವರು ಒರೆಸಿಕೊಳ್ಳುತ್ತ ಬಂದರು. “ಯಾಕಕ್ಕಾ, ಏನಾಯ್ತು?”

“ಕೆಳಗಿಕ್ಕು ಅದ. ಮುಟ್ಬ್ಯಾಡ ಕಣ್ಲಾ!”

ಸುತ್ತಿಗೆಯ ಮುಖದ ಅಂಚಿನಲ್ಲಿ ಉಗುರಿನಷ್ಟು ಕಬ್ಬಿಣ ಇರಲಿಲ್ಲ. ಎಲ್ಲಿ ಹೋಯಿತೆಂದು ಚಲುವರಾಜುಗೂ ಗೊತ್ತಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಅವರು ನಿಂತಿದ್ದ ಜಾಗದ ಪಕ್ಕದ ಮರದ ಕಂಬದಲ್ಲಿ, ಅವರ ಕಣ್ಣಿನ ಎತ್ತರಕ್ಕೇ ನಾಟಿತ್ತು.

ಆ ಪೆಟ್ಟಿಗೆಯನ್ನು ಪುಟ್ಟಸ್ವಾಮಿ ಅಂಗಡಿಗೆ ವಾಪಸ್ ಕೊಟ್ಟರು. ಈಗ ಚಿಕ್ಕಮಾದಮ್ಮ ‘ಊಂ’ ಎನ್ನುವ ತನಕ ಶೆಡ್ಡಿನಲ್ಲಿ ಯಾರೂ ಹೊಸ ಉಪಕರಣ ಮುಟ್ಟುವುದಿಲ್ಲ. ಆದರೂ ಅವರ ಭಯ ಹೋಗಿಲ್ಲ. ನನ್ನ ಕಣ್ಣಿಗೆ ಬೀಳದ ಬಿರುಕೂ ಇರಬಹುದಲ್ಲ ಎನ್ನುತ್ತಾರೆ.

ನಿಮಗೇನು ಆಸೆ ಎಂದು ಕೇಳಿದೆ. ಕೈಯಲ್ಲಿದ್ದ ಸುತ್ತಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಹೇಳಿದರು: “ಸಂಜೆ ಮನೆಗೋಗೋವಾಗ ಚಲುವರಾಜು ನನ್ನ ನೋಡಿ ‘ಬತ್ತೀನಿ ಕಣಕ್ಕ’ ಅಂತಾನೆ. ಎರಡು ಕಣ್ಣಲ್ಲೂ ನೋಡ್ತಾನಲ್ಲ, ಅಷ್ಟು ಸಾಕು ಬುಡಿ.”