ಹಿರಿಸೊಸೆ ಕಾಜರಿಯ ಮೌನ

ಬಾಘಾಜತೀನ್ ಮಾರುಕಟ್ಟೆಯ ಮೀನಿನ ಬಿಶು ಕಾಜರಿ ಹಾಲ್ದಾರಳಿಗೆ ಯಾವತ್ತೂ ರೋಹು ಮೀನಿನ ಬಾಲವನ್ನೇ ಕೊಡುತ್ತಿದ್ದ. ಹೊಟ್ಟೆಯ ಭಾಗ ಎದುರಿಗೇ ಕೊಬ್ಬಿನಿಂದ ಹೊಳೆಯುತ್ತಿದ್ದರೂ ಅದರ ಮೇಲೆ ಬಾಳೆಲೆ ಎಳೆದು, "ಆಗೋಯ್ತು ದೀದಿ" ಎನ್ನುತ್ತಿದ್ದ.

"ಕಾಣ್ತಾ ಇದೆಯಲ್ಲೋ!"

"ಅದು ಒಳ್ಳೆಯವರಿಗೆ. ನಿನ್ನೆ ಕಿರಿಸೊಸೆ ಮಾಡಿದ ಪಾಯಸಕ್ಕೆ ಉಪ್ಪು ಸುರಿದ್ರಲ್ಲ, ಪಾಪ, ಆ ಹುಡುಗಿ ಅತ್ತೆ ಹತ್ರ ಎಷ್ಟು ಬೈಸ್ಕೊಂಡ್ಲು! ನನ್ನ ಹೆಂಡ್ತಿ ಊಟಾನೇ ಬಿಟ್ಲು."

ಬೇರೆ ನಟಿಯಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದಳೋ ಏನೋ. ಕಾಜರಿ ಮಾತ್ರ ಬಾಲವನ್ನು ಪ್ರಶಸ್ತಿಯ ಹಾಗೆ ಚೀಲಕ್ಕೆ ಇಳಿಸಿಕೊಂಡು ಹೊರಡುತ್ತಿದ್ದಳು. ಹನ್ನೆರಡು ವರ್ಷಗಳಿಂದ ಸಂಜೆಯ ಧಾರಾವಾಹಿಗಳಲ್ಲಿ ಅವಳು ಕೆಟ್ಟ ವಾರಗಿತ್ತಿ. ಧಾರಾವಾಹಿ ಬದಲಾಗುತ್ತಿತ್ತು, ಮನೆ ಬದಲಾಗುತ್ತಿತ್ತು, ಗಂಡನಂತೂ ಮೂರು ಸಲ ಬದಲಾಗಿದ್ದ. ಹಿರಿಸೊಸೆಯ ಹೊಟ್ಟೆಕಿಚ್ಚು ಮಾತ್ರ ಹಾಗೇ ಇತ್ತು. ಸ್ಟುಡಿಯೋಗಳಿರುವ ಟಾಲಿಗಂಜ್‌ನಲ್ಲಿ ತನಗಿಂತ ಚೆನ್ನಾಗಿ ಕಣ್ಣು ಕಿರಿದು ಮಾಡುವವರು ಯಾರೂ ಇಲ್ಲ ಎಂದು ಅವಳು ನಂಬಿದ್ದಳು. ಆ ನಂಬಿಕೆ ತಪ್ಪೂ ಆಗಿರಲಿಲ್ಲ.

ಅವಳ ಕೀರ್ತಿಯೆಲ್ಲ ನಿಂತದ್ದು ಒಂದು ಮೌನದ ಮೇಲೆ. ಯಾರಾದರೂ ಏನಾದರೂ ಕೇಳಿದರೆ ಕಾಜರಿ ತಟ್ಟನೆ ಉತ್ತರ ಕೊಡುತ್ತಿರಲಿಲ್ಲ. ಅರೆಗಳಿಗೆ ಸುಮ್ಮನಿದ್ದು, ತಲೆಯನ್ನು ಕೊಂಚ ಓರೆ ಮಾಡಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. ಆ ಅರೆಗಳಿಗೆಯಲ್ಲಿ ಮನೆಮನೆಯ ಹೆಂಗಸರು ಉಸಿರು ಬಿಗಿಹಿಡಿಯುತ್ತಿದ್ದರು. ಒಂದು ಪತ್ರಿಕೆಯಂತೂ ಅದನ್ನು "ಹಾವು ಹೆಡೆ ಎತ್ತುವ ಮುಂಚಿನ ಗಳಿಗೆ" ಎಂದು ಬರೆದಿತ್ತು.

ನಿಜ ಏನೆಂದರೆ, ಆ ಹೊತ್ತಿನಲ್ಲಿ ಅವಳು ಸಾಲು ಎತ್ತಿಕೊಡುವ ನಿಮಾಯ್‌ದಾ, ಅಂದರೆ ನಿಮಾಯಣ್ಣ, ಏನು ಹೇಳುತ್ತಾನೆಂದು ಕಾಯುತ್ತಿದ್ದಳು. ಧಾರಾವಾಹಿಯ ಸಂಭಾಷಣೆ ಬರುವುದೇ ಚಿತ್ರೀಕರಣದ ದಿನ, ಬಿಸಿ ಜಿಲೇಬಿಯ ಹಾಗೆ, ಒಂದೊಂದೇ ಹಾಳೆ. ಬಾಯಿಪಾಠಕ್ಕೆ ಪುರುಸೊತ್ತು ಯಾರಿಗಿದೆ? ಕ್ಯಾಮೆರಾದ ಹಿಂದೆ ಮುಕ್ಕಾಲಿಯ ಮೇಲೆ ಕೂತ ಪ್ರಾಂಪ್ಟರ್ ನಿಮಾಯ್ ಬಾಯಲ್ಲಿ ಪಾನ್ ಒತ್ತಿಕೊಂಡು ಒಂದೊಂದು ಸಾಲನ್ನೂ ಎತ್ತಿಕೊಡುತ್ತಿದ್ದ. ಅದನ್ನು ಕೇಳಿ ಕಾಜರಿ ವಿಷ ಬೆರೆಸಿ ಹೇಳುತ್ತಿದ್ದಳು. ಆಮೇಲೆ ನಿಮಾಯ್‌ನ ದನಿಯನ್ನು ಕತ್ತರಿಸಿ ಎಸೆಯುತ್ತಿದ್ದರು. ಅವಳ ಕಾಯುವಿಕೆ ಮಾತ್ರ ಉಳಿಯುತ್ತಿತ್ತು.

ಈ ಮೌನವನ್ನು ನೋಡಿಯೇ ದೇಬರ್ಷಿ ಭಾದುಡಿ ಎಂಬ ಸಿನಿಮಾ ನಿರ್ದೇಶಕ ಅವಳನ್ನು ಕರೆಸಿದ. ಗಡ್ಡ, ಜೋಳಿಗೆ, ಸಕ್ಕರೆಯಿಲ್ಲದ ಕಪ್ಪು ಚಹಾ. ಮಾತಾಡುವಾಗ ಎದುರಿಗಿದ್ದವರನ್ನು ಬಿಟ್ಟು ಕಿಟಕಿಯನ್ನು ನೋಡುತ್ತಿದ್ದ. "ಕಾಜರಿದಿ, ನಾನು ಸೀರಿಯಲ್ ನೋಡೋದಿಲ್ಲ" ಎಂದು ಶುರುಮಾಡಿ, ಅವಳ ಮೂರು ಧಾರಾವಾಹಿಗಳ ಕಥೆಯನ್ನು ಒಂದೂ ತಪ್ಪಿಲ್ಲದೆ ಹೇಳಿದ. ಸಿನಿಮಾದಲ್ಲಿ ಅವಳೇ ನಾಯಕಿ. ಹಡಗಿನ ಕೆಲಸಕ್ಕೆಂದು ಹೋದ ಗಂಡ ವರ್ಷಗಟ್ಟಲೆ ಬಿಟ್ಟು ಮನೆಗೆ ಬರುತ್ತಾನೆ. ಅಷ್ಟೇ ಕಥೆ. ಉಳಿದದ್ದೆಲ್ಲ ಮೌನ.

ಕಾಜರಿ ಪೂರ್ತಿ ಸಂಭಾಷಣೆಯನ್ನು ಮನೆಗೆ ಒಯ್ದು, ತಿಂಗಳಿಡೀ ಉರುಹೊಡೆದಳು. ಎಡವಟ್ಟಾದದ್ದು ಅಲ್ಲೇ. ತಾಲೀಮಿನ ದಿನ ಗಂಡನ ಪಾತ್ರದ ಪ್ರಾಣತೋಷ್ ಬಕ್ಷಿ, "ಬಾಗಿಲಿಗೆ ಬಣ್ಣ ಹೊಡೆಸಿದ್ದೀಯ" ಎಂದು ಮುಗಿಸುವಷ್ಟರಲ್ಲೇ ಇವಳು "ಊಟ ಆಯ್ತಾ?" ಎಂದುಬಿಟ್ಟಳು. ಮತ್ತೆ ಮಾಡಿಸಿದರು. ಮತ್ತೆ ಹಾಗೇ. ಬೇಕೆಂದೇ ನಿಲ್ಲಿಸಿ ಹೇಳಿದರೆ ಬಸ್ಸಿಗೆ ಕಾದು ನಿಂತವಳ ಹಾಗಿತ್ತು.

"ಮೌನ ಎಲ್ಲಿ ಕಾಜರಿದಿ?" ದೇಬರ್ಷಿ ಕಿಟಕಿಯನ್ನು ಕೇಳಿದ. "ಶುಕ್ರವಾರ ಇದೇ ದೃಶ್ಯದಿಂದ ಶೂಟಿಂಗ್ ಶುರು. ಅಷ್ಟರಲ್ಲಿ ಸಿಗಲಿಲ್ಲ ಅಂದ್ರೆ, ಬೇಜಾರು ಮಾಡ್ಕೋಬೇಡಿ, ನಾಟಕದವರು ಒಬ್ಬರನ್ನ ಕೇಳಿಟ್ಟಿದ್ದೀನಿ."

ಪಾತ್ರ ಕೈಜಾರುವುದಕ್ಕಿಂತ ಅವಳಿಗೆ ಹೆಚ್ಚು ಉರಿದದ್ದು ಆ "ನಾಟಕದವರು" ಎಂಬ ಮಾತು. ಸೀರಿಯಲ್‌ನವರೆಂದರೆ ನಾಟಕದವರಿಗೆ ಮೊದಲಿಂದಲೂ ತಾತ್ಸಾರ. 

ಮರುದಿನ ಅವಳು ಎಂದಿನಂತೆ ಧಾರಾವಾಹಿಯ ಸೆಟ್ಟಿನಲ್ಲಿದ್ದಳು. ಕಿರಿಸೊಸೆ, "ಅಕ್ಕಾ, ನನ್ನ ಬಳೆ ನೋಡಿದ್ರಾ?" ಎಂದಳು. ಅಷ್ಟರಲ್ಲಿ ನಿಮಾಯ್‌ಗೆ ಪಾನ್ ನೆತ್ತಿಗೇರಿ ಕೆಮ್ಮು ಹತ್ತಿತು. ಕಾಜರಿ ತಲೆ ಓರೆ ಮಾಡಿ ಕಾದಳು. ಕೆಮ್ಮು ನಿಂತು ಸಾಲು ಬಂದ ಮೇಲೆ ಹೇಳಿದಳು. ಧಾರಾವಾಹಿಯ ನಿರ್ದೇಶಕ, "ಅದ್ಭುತ!" ಎಂದ.

ಕಾಜರಿ ಹೋಗಿ ಮಾನಿಟರಿನಲ್ಲಿ ತನ್ನ ಮುಖ ನೋಡಿಕೊಂಡಳು. ಮುಂದೆ ಏನು ಬರುತ್ತದೋ ಗೊತ್ತಿಲ್ಲದ ಹೆಂಗಸಿನ ಮುಖ ಅದು.

"ನಿಮಾಯ್‌ದಾ, ನಿಮ್ಮ ಕೆಮ್ಮಿಗೆ ನನ್ನ ನಮಸ್ಕಾರ" ಎಂದಳು.

"ಹಾಂ? ಕೆಮ್ಮಿಗಾ?" ನಿಮಾಯ್ ಕಣ್ಣೊರೆಸಿಕೊಂಡ. "ನನ್ನ ಹೆಂಡ್ತಿಗೆ ಹೇಳು, ದಿನಾ ಬೈತಾಳೆ."

ಶುಕ್ರವಾರ ಬೆಳಿಗ್ಗೆ ಕಾಜರಿ ನೇರವಾಗಿ ಪ್ರಾಣತೋಷ್ ಬಕ್ಷಿಯ ಮೇಕಪ್ ಕೋಣೆಗೆ ಹೋದಳು. ಈತ ರಂಗಭೂಮಿಯ ಹಿರಿಯ ಹುಲಿ. ಬರೆದದ್ದರಲ್ಲಿ ಅಲ್ಪವಿರಾಮವನ್ನೂ ಬಿಟ್ಟವನಲ್ಲ, ಅದನ್ನು ದಿನಕ್ಕೊಮ್ಮೆಯಾದರೂ ಹೇಳದೆ ಬಿಟ್ಟವನೂ ಅಲ್ಲ.

"ದಾದಾ, ನಿಮ್ಮ ಜೊತೆ ನಟಿಸೋದು ಭಾರಿ ಸುಲಭ" ಎಂದಳು ಕಾಜರಿ. "ಥೇಟ್ ನಮ್ಮ ಸೀರಿಯಲ್ ಇದ್ದ ಹಾಗೇ."

ಪ್ರಾಣತೋಷ್‌ನ ಅಂಟಿಸಿದ ಮೀಸೆ ಒಂದು ಕಡೆ ಎದ್ದಿತು. "ಏನಂದೆ?"

"ನೀವು ಯಾವಾಗ ಏನು ಹೇಳ್ತೀರಿ ಅಂತ ನಂಗೆ ಮೊದಲೇ ಗೊತ್ತು. ಹಾಗಾದ್ರೆ ನಾನು ಕಾಯೋದು ಯಾತಕ್ಕೆ? ನಮ್ಮ ನಿಮಾಯ್‌ದಾ ಆದ್ರೂ ಮಧ್ಯ ಕೆಮ್ಮಿ ಕಾಯಿಸ್ತಾರೆ."

"ಯಾರಮ್ಮ ಅದು ನಿಮಾಯ್?"

"ನಮ್ಮ ಪ್ರಾಂಪ್ಟರು."

"ನನ್ನನ್ನ ಪ್ರಾಂಪ್ಟರಿಗೆ ಹೋಲಿಸ್ತೀಯಾ? ಕಾಯಿಸೋದು ಅಂದ್ರೇನು ಅಂತ ತೋರಿಸ್ತೀನಿ. ನಡಿ!"

ಕ್ಯಾಮೆರಾ ಓಡಿತು. ಪ್ರಾಣತೋಷ್ ಬಾಗಿಲಲ್ಲಿ ಬಂದು ನಿಂತ. ಮಾತಾಡಲಿಲ್ಲ. ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಒಂದು ಚಪ್ಪಲಿ ಬಿಟ್ಟ. ಇನ್ನೊಂದನ್ನು ಬಿಡಲೋ ಬೇಡವೋ ಎಂದು ಯೋಚಿಸಿದ. ಕಾಜರಿಗೆ ಆತ ಹೇಳಬೇಕಾದ ಸಾಲು ಬಾಯಿಪಾಠವಿತ್ತು, ಆದರೆ ಆತ ಅದನ್ನು ಹೇಳುವ ಲಕ್ಷಣವೇ ಕಾಣಲಿಲ್ಲ. ಅವಳ ತಲೆ ತಾನಾಗಿ ಓರೆಯಾಯಿತು. ಸೆಟ್ಟಿನಲ್ಲಿ ಫ್ಯಾನು ಕೂಡ ನಿಲ್ಲಿಸಿದ್ದರು. ಕೊನೆಗೆ ಪ್ರಾಣತೋಷ್, ಬರೆದದ್ದನ್ನು ಜನ್ಮದಲ್ಲಿ ಮೊದಲ ಸಲ ಬಿಟ್ಟು, "ಕೊಡೆ ಎಲ್ಲೋ ಮರೆತು ಬಂದೆ" ಎಂದ.

ಇಷ್ಟು ವರ್ಷ ಬಿಟ್ಟು ಬಂದವನು ಕೊಡೆಯ ಸುದ್ದಿ ಹೇಳುತ್ತಾನೆ! ಕಾಜರಿ ಅರೆಗಳಿಗೆ ಅವನ ಮುಖವನ್ನೇ ನೋಡಿದಳು.

"ಊಟ ಆಯ್ತಾ?"

ಕಟ್ ಹೇಳಬೇಕಾದ ದೇಬರ್ಷಿ ಹೇಳುವುದನ್ನೇ ಮರೆತಿದ್ದ. ನೆನಪಾದ ಮೇಲೆ ಎಲ್ಲರ ಕಡೆ ತಿರುಗಿ, "ನೋಡಿದ್ರಾ? ತಿಂಗಳಿಂದ ನಾನು ಇವರೊಳಗಿಂದ ಹೊರಗೆ ತೆಗೀತಿದ್ದದ್ದು ಇದನ್ನೇ" ಎಂದ. ಪ್ರಾಣತೋಷ್ ಮೀಸೆ ಒತ್ತಿಕೊಳ್ಳುತ್ತ, "ಕಲಿಸಿದೆ, ಹುಡುಗಿ ಕಲಿತಳು" ಎಂದ. ಕಾಜರಿ ಇಬ್ಬರಿಗೂ ಹೌದು ಹೌದೆಂದು ತಲೆಯಾಡಿಸಿ, ಸಕ್ಕರೆ ಹಾಕಿದ ಚಹಾ ತರಿಸಿಕೊಂಡಳು. ನಾಟಕದವರಿಗೆ ಆ ಸಂಜೆಯೇ ಬೇಡವೆಂದು ಹೇಳಿ ಕಳಿಸಿದರು.

ಸಿನಿಮಾ ಬಂತು. ಪತ್ರಿಕೆಗಳು ಬರೆದವು, ದೇಬರ್ಷಿ ಕಿಟಕಿಗಳಿಗೆ ಸಂದರ್ಶನ ಕೊಟ್ಟ. ಕಾಜರಿಗೆ ಇನ್ನೆರಡು ಸಿನಿಮಾ ಸಿಕ್ಕವು, ಸಂಜೆಯ ಧಾರಾವಾಹಿಯನ್ನೂ ಅವಳು ಬಿಡಲಿಲ್ಲ. ಆದರೂ ಅವಳು ಕಾದದ್ದು ಬಾಘಾಜತೀನ್ ಮಾರುಕಟ್ಟೆಯ ವಿಮರ್ಶೆಗೆ. ಎರಡನೇ ಭಾನುವಾರ ಬಿಶುವನ್ನು ಅವನ ಹೆಂಡತಿ ಆ ಸಿನಿಮಾಕ್ಕೆ ಎಳೆದುಕೊಂಡು ಹೋಗಿದ್ದಳು. ಸೋಮವಾರ ಅವನು ಕಾಜರಿಯನ್ನು ಕಂಡವನೇ ಬಾಳೆಲೆ ಸರಿಸಿದ. ಹೊಟ್ಟೆಯ ಭಾಗವನ್ನು ದಪ್ಪ ದಪ್ಪ ತುಂಡು ಹಾಕಿದ.

"ಆ ಗಂಡಸಿಗೆ ಊಟ ಹಾಕಬಾರದಿತ್ತು ದೀದಿ" ಎಂದ. "ಕೊಡೆ ಅಂತೆ, ಕೊಡೆ! ಇನ್ನು ನಿಮಗೆ ಯಾವತ್ತೂ ಬಾಲ ಕೊಡಲ್ಲ."

ಕಾಜರಿ ತಲೆಯನ್ನು ಕೊಂಚ ಓರೆ ಮಾಡಿ ಅರೆಗಳಿಗೆ ಅವನನ್ನೇ ನೋಡಿದಳು. ಬಿಶುವಿನ ಕತ್ತಿ ನಿಂತಿತು.

"ನಾಡಿದ್ದು ಕಿರಿಸೊಸೇನ ಮೆಟ್ಟಿಲ ಮೇಲಿಂದ ತಳ್ಳೋದಿದೆ ಬಿಶು" ಎಂದಳು. "ವಾರಕ್ಕಾಗೋಷ್ಟು ಇವತ್ತೇ ಹಾಕ್ಬಿಡು."